ಅರ್ಧಕ್ಕೇ ನಿಂತ ರೋಬೋ: ರಿಪೇರಿಗೆ ಕಳಿಸೋ ಮುನ್ನ...

ಎಂಟೂವರೆಗೆ ಸ್ಕೂಲ್ ವ್ಯಾನ್ ಹೋಯಿತು. ಒಂಬತ್ತಕ್ಕೆ ಯಜಮಾನರಿಗೆ ಡಬ್ಬಿ ಕಟ್ಟಿ ಕಳಿಸಿದ್ದಾಯಿತು. ಅತ್ತೆಯವರಿಗೆ ಎರಡನೇ ಕಾಫಿ ಕೊಟ್ಟು, ರೋಬೋ ಬಟನ್ ಒತ್ತಿ, ಹತ್ತು ನಿಮಿಷ ಪೇಪರ್ ಹಿಡಿದು ಕೂರೋಣ ಅಂತ ನೀವು. ಗುಂಯ್ ಅಂತ ಹೊರಟ ರೋಬೋ ಅರ್ಧ ಹಾಲ್ ಗುಡಿಸಿದ್ದೇ ತಡ, ಡೈನಿಂಗ್ ಟೇಬಲ್ ಕೆಳಗೆ ಗಪ್‌ಚುಪ್! ಜೊತೆಗೆ ಒಂದು ಕೆಂಪು ದೀಪ. ಎತ್ತಿ ತಂದು ಮತ್ತೆ ಬಟನ್ ಒತ್ತಿದರೆ ಐದು ನಿಮಿಷ ಓಡಿ ಮತ್ತೆ ಅದೇ ಕಥೆ. ಕೊನೆಗೆ ಪೊರಕೆ ಹಿಡಿದು ನೀವೇ ಗುಡಿಸಿ ಮುಗಿಸುವ ಹೊತ್ತಿಗೆ ಕಾಫಿ ಆರಿರುತ್ತದೆ, ಪೇಪರ್ ಮಡಿಸಿದ ಹಾಗೇ ಇರುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಸಂಜೆ ಮನೆಗೆ ಬಂದವರು ಹೇಳುವ ಮೊದಲ ಮಾತೇ, ‘ಅಷ್ಟು ದುಡ್ಡು ಕೊಟ್ಟು ತಂದಿದ್ದೀನಿ, ಸರಿಯಾಗಿ ಯೂಸ್ ಮಾಡೋಕೆ ಬರಲ್ವಲ್ಲ ನಿಂಗೆ!’

ನಮ್ಮ ಅಪಾರ್ಟ್‌ಮೆಂಟಿನ ಗೆಳತಿಯೊಬ್ಬರಿಗೆ ಆದದ್ದೂ ಇದೇ. ಮಂಡಿನೋವು, ಬಗ್ಗಿ ಗುಡಿಸೋ ಹಾಗಿಲ್ಲ ಅಂತಲೇ ರೋಬೋ ತರಿಸಿದ್ದು. ವರ್ಷ ಕಳೆದು ಎರಡು ತಿಂಗಳಾಗಿತ್ತು, ವಾರಂಟಿ ಮುಗಿದಿತ್ತು. ದಿನಕ್ಕೆ ನಾಲ್ಕು ಸಲ ನಿಲ್ಲತೊಡಗಿತು. ರಿಪೇರಿಯವನು ಬಂದು ತಿರುಗಿಸಿಯೂ ನೋಡದೆ, ‘ಬೋರ್ಡ್ ಹೋಗಿದೆ ಮೇಡಂ, ಎಂಟು ಸಾವಿರ ಆಗುತ್ತೆ’ ಅಂದ. ಪಾಪ, ಚೀಟಿ ದುಡ್ಡಿನಲ್ಲಿ ಕೊಡಲು ಹೊರಟಿದ್ದರು. ಅಷ್ಟರಲ್ಲಿ ನಿಜವಾದ ಕಾರಣ ಸಿಕ್ಕಿತು. ಏನದು? ಮುಂದೆ ಹೇಳುತ್ತೇನೆ.

ತಪ್ಪು ನಿಮ್ಮದಲ್ಲ

ಮೊದಲೇ ಒಂದು ಮಾತು. ರೋಬೋ ಪದೇ ಪದೇ ನಿಂತರೆ ಅದು ಕೆಟ್ಟಿದೆ ಅಂತಲೂ ಅಲ್ಲ, ನಿಮಗೆ ಬಳಸೋಕೆ ಬರಲ್ಲ ಅಂತಲೂ ಅಲ್ಲ. 2001ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿ ‘ಟ್ರೈಲೋಬೈಟ್’ ಎಂಬ ರೋಬೋ ಕ್ಲೀನರನ್ನು ಮಾರಾಟಕ್ಕೆ ತಂದಿತು. 2002ರಲ್ಲಿ ಅಮೆರಿಕದ ಐರೋಬೋಟ್ ಕಂಪನಿಯ ‘ರೂಂಬಾ’ ಬಂತು. ನಮ್ಮ ಊರುಗಳಲ್ಲಿ ಬಹಳ ಜನರಿಗೆ ಇದರ ಪರಿಚಯವಾದದ್ದು 2020ರ ಲಾಕ್‌ಡೌನ್‌ನಲ್ಲಿ, ಮನೆಗೆಲಸದವರು ಬರಲಾಗದೇ ಹೋದಾಗ. ಆ ದೇಶಗಳ ಮನೆಗಳನ್ನು ನೋಡಿ ಹುಟ್ಟಿದ ಯಂತ್ರವಿದು. ನಮ್ಮ ಮನೆಯಲ್ಲಿ ಹೊಸಿಲುಂಟು, ರಂಗೋಲಿ ಪುಡಿಯುಂಟು, ಊದುಬತ್ತಿ ಬೂದಿಯುಂಟು, ಮಾರುದ್ದದ ಕೂದಲುಂಟು, ಮುಡಿಯಿಂದ ಉದುರಿದ ಹೂವಿನ ದಾರವೂ ಉಂಟು. ಇವಕ್ಕೆಲ್ಲ ಅದು ಹೊಂದಿಕೊಳ್ಳಬೇಕಾದರೆ ಸ್ವಲ್ಪ ನಮ್ಮ ಸಹಾಯ ಬೇಕು, ಅಷ್ಟೇ.

ಡಾಕ್ಟರ ಹತ್ತಿರ ಹೋದರೆ ಮೊದಲು ಏನು ಕೇಳುತ್ತಾರೆ? ಜ್ವರ ಯಾವ ಹೊತ್ತಿಗೆ ಬರುತ್ತೆ, ಎಷ್ಟು ದಿನದಿಂದ ಇದೆ ಅಂತ ತಾನೇ? ರೋಬೋಗೂ ಹಾಗೇ ಮಾಡಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಮೂರು ದಿನ ಎರಡು ವಿಷಯ ಗುರುತು ಹಾಕಿ. ಎಲ್ಲಿ ನಿಂತಿತು? ಹೊರಟು ಎಷ್ಟು ನಿಮಿಷಕ್ಕೆ ನಿಂತಿತು? ನಿಂತಾಗ ಅದು ಏನಾದರೂ ಹೇಳಿದರೆ ಅದನ್ನೂ ಬರೆದುಕೊಳ್ಳಿ. ಗಲಾಟೆ ಅಂತ ಧ್ವನಿ ಆಫ್ ಮಾಡಿಟ್ಟಿದ್ದರೆ ಈ ಮೂರು ದಿನ ಆನ್ ಮಾಡಿ. ನಾಲ್ಕನೇ ದಿನ ಕ್ಯಾಲೆಂಡರ್ ನೋಡಿದರೆ ಅರ್ಧ ಉತ್ತರ ನಿಮ್ಮ ಕೈಯಲ್ಲೇ ಇರುತ್ತದೆ.

* ದಿನಾ ಒಂದೇ ಜಾಗದಲ್ಲಿ ನಿಂತರೆ, ತೊಂದರೆ ಮನೆಯಲ್ಲಿದೆ.
* ದಿನಾ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಿಂತರೆ, ಬ್ಯಾಟರಿ ಅಥವಾ ಫಿಲ್ಟರ್ ನೋಡಿ.
* ಎಲ್ಲೆಂದರಲ್ಲಿ, ಯಾವಾಗೆಂದರೆ ಆವಾಗ ನಿಂತರೆ, ಚಕ್ರ ಮತ್ತು ಬ್ರಶ್ ನೋಡಿ.

ಒಂದೊಂದಾಗಿ ನೋಡೋಣ ಬನ್ನಿ.

ಒಂದೇ ಜಾಗದಲ್ಲಿ ನಿಲ್ಲುತ್ತದೆಯೇ?

ಆ ಜಾಗದಲ್ಲಿ ನೀವೇ ಒಮ್ಮೆ ಬಗ್ಗಿ, ರೋಬೋ ಎತ್ತರದಿಂದ ನೋಡಿ. ಕಾಲೊರೆಸುವ ಮ್ಯಾಟಿನ ಕುಚ್ಚು, ನೆಲ ಮುಟ್ಟುವ ಕರ್ಟನ್, ಮೊಬೈಲ್ ಚಾರ್ಜರ್ ವೈರು, ಕುರ್ಚಿಯ ಓರೆ ಕಾಲು, ಇವೇ ಮುಖ್ಯ ಆರೋಪಿಗಳು. ರೋಬೋ ಬಿಡುವ ಮುಂಚೆ ಮ್ಯಾಟು ಎತ್ತಿಡಿ, ಕರ್ಟನ್ ತುದಿಗೆ ಗಂಟು ಹಾಕಿ. ವೈರುಗಳನ್ನು ಟೇಬಲ್ ಮೇಲೆ ಸುತ್ತಿಡಿ.

ಇನ್ನು ಹೊಸಿಲು. ಸಾಮಾನ್ಯವಾಗಿ ಈ ಯಂತ್ರಗಳು ಒಂದೂವರೆಯಿಂದ ಎರಡು ಸೆಂಟಿಮೀಟರ್ ಎತ್ತರ ಹತ್ತಿ ಇಳಿಯಬಲ್ಲವು. ಅದಕ್ಕಿಂತ ಎತ್ತರದ ಕಲ್ಲಿನ ಪಟ್ಟಿ ಇದ್ದರೆ ಹೊಟ್ಟೆ ಸಿಕ್ಕಿಕೊಂಡು ಚಕ್ರ ಗಾಳಿಯಲ್ಲಿ ತಿರುಗುತ್ತದೆ. ಮಗನ ಜಾಮಿಟ್ರಿ ಬಾಕ್ಸಿನ ಸ್ಕೇಲ್ ಹಿಡಿದು ಅಳೆಯಿರಿ. ಜಾಸ್ತಿ ಇದ್ದರೆ ಆ ಕೋಣೆಗೆ ರೋಬೋವನ್ನು ಎತ್ತಿಕೊಂಡು ಹೋಗಿ ಬೇರೆಯಾಗಿ ಬಿಡುವುದೇ ವಾಸಿ.

ಅದೇ ಸ್ಕೇಲಿನಿಂದ ಸೋಫಾ, ಮಂಚದ ಕೆಳಗಿನ ಜಾಗವನ್ನೂ ಅಳೆಯಿರಿ. ತಲೆ ಮೇಲೆ ಪುಟ್ಟ ಗೋಪುರದಂಥ ಗುಂಡು ಇರುವ ರೋಬೋಗಳು ಹತ್ತಿರ ಹತ್ತಿರ ಹತ್ತು ಸೆಂಟಿಮೀಟರ್ ಎತ್ತರ ಇರುತ್ತವೆ. ಸೋಫಾ ಕೆಳಗೆ ಅಷ್ಟೇ ಜಾಗ ಇದ್ದರೆ ನುಗ್ಗುವುದೇನೋ ನುಗ್ಗುತ್ತದೆ, ಹೊರಗೆ ಬರಲಾಗುವುದಿಲ್ಲ. ಸೋಫಾ ಕಾಲಿಗೆ ಮರದ ತುಂಡು ಕೊಟ್ಟು ಎತ್ತರಿಸಬಹುದು. ಅಥವಾ ಆ ಜಾಗಕ್ಕೆ ಹೋಗದಂತೆ ಫೋನಿನ ಆ್ಯಪ್‌ನಲ್ಲಿ ಗೆರೆ ಎಳೆಯಬಹುದು.

ಎಷ್ಟೋ ಜನರಿಗೆ ಗೊತ್ತಿಲ್ಲದ ಇನ್ನೊಂದು ಕಾರಣ, ಕಪ್ಪು ಬಣ್ಣ! ಹೌದು, ನಂಬಲೇಬೇಕು. ರೋಬೋ ಹೊಟ್ಟೆಯ ಅಂಚಿನಲ್ಲಿ ಪುಟ್ಟ ಪುಟ್ಟ ಗಾಜಿನ ಕಿಟಕಿಗಳಿವೆ. ಅಲ್ಲಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ನೆಲಕ್ಕೆ ಬಿದ್ದು ವಾಪಸ್ ಬರುತ್ತದೆ. ಬಾರದಿದ್ದರೆ, ‘ಅಯ್ಯೋ, ಮುಂದೆ ಮೆಟ್ಟಿಲಿದೆ, ಬಿದ್ದುಬಿಡ್ತೀನಿ’ ಅಂತ ಅದು ನಿಂತುಬಿಡುತ್ತದೆ. ಕಪ್ಪು ಬಣ್ಣ ಬೆಳಕನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಕರಿ ಗ್ರಾನೈಟ್ ಪಟ್ಟಿ, ಕಡಪ ಕಲ್ಲು, ಕಪ್ಪು ಅಂಚಿನ ಕಾರ್ಪೆಟ್ ಇವೆಲ್ಲ ಅದಕ್ಕೆ ಪ್ರಪಾತದಂತೆ ಕಾಣಬಹುದು. ಪರೀಕ್ಷೆ ಮಾಡಬೇಕೇ? ಆ ಕಪ್ಪು ಪಟ್ಟಿಯ ಮೇಲೆ ಬಿಳಿ ಡ್ರಾಯಿಂಗ್ ಶೀಟನ್ನು ಟೇಪಿನಿಂದ ಅಂಟಿಸಿ ರೋಬೋ ಬಿಡಿ. ಸಲೀಸಾಗಿ ದಾಟಿದರೆ ಕಾರಣ ಸಿಕ್ಕಿತು ಎಂದೇ ಅರ್ಥ. ಕಾರ್ಪೆಟ್ ಆದರೆ ಸುತ್ತಿಡಿ, ನೆಲವೇ ಕಪ್ಪಾದರೆ ಆ ಜಾಗ ಬಿಟ್ಟು ಗುಡಿಸುವಂತೆ ಆ್ಯಪ್‌ನಲ್ಲಿ ಗುರುತು ಮಾಡಿ.

ಆ ಕಿಟಕಿಗಳ ಮೇಲೆ ಟೇಪ್ ಅಂಟಿಸಿಬಿಟ್ಟರೆ ಆಯಿತು ಎಂದು ಕೆಲವರು ಸಲಹೆ ಕೊಡುತ್ತಾರೆ. ದಯವಿಟ್ಟು ಬೇಡ. ಮೆಟ್ಟಿಲಿರುವ ಮನೆಯಲ್ಲಿ ಆಮೇಲೆ ಅದು ನಿಜವಾಗಿಯೂ ಉರುಳಿ ಬೀಳುತ್ತದೆ. ಕೆಳಗೆ ಆಡುವ ಮಗುವಿದ್ದರೆ?

ನೆಲ ಬೆಳ್ಳಗಿದ್ದೂ ‘ಮೆಟ್ಟಿಲು’ ಅಂತ ಹೆದರುತ್ತಿದ್ದರೆ ಆ ಕಿಟಕಿಗಳ ಮೇಲೆ ಧೂಳು ಕೂತಿದೆ ಎಂದು ತಿಳಿಯಿರಿ. ಒಣ ಕಾಟನ್ ಬಟ್ಟೆಯಲ್ಲಿ ಒರೆಸಿ.

ಒಂದೇ ಹೊತ್ತಿಗೆ ನಿಲ್ಲುತ್ತದೆಯೇ?

ಮೊದಲು ಒಂದು ಅನುಮಾನ ಪರಿಹರಿಸಿಕೊಳ್ಳಿ. ಚಾರ್ಜ್ ಕಮ್ಮಿಯಾದಾಗ ರೋಬೋ ತಾನೇ ಕೆಲಸ ಬಿಟ್ಟು ಚಾರ್ಜಿಂಗ್ ಸ್ಟ್ಯಾಂಡಿಗೆ ಹೋಗುವುದು ಕಾಯಿಲೆಯಲ್ಲ, ಅದರ ಸ್ವಭಾವ. ಹೊಟ್ಟೆ ತುಂಬಿಸಿಕೊಂಡು ಬಂದು ಉಳಿದದ್ದನ್ನು ಗುಡಿಸುವ ಸೌಲಭ್ಯ ಬಹಳಷ್ಟು ಮಾಡೆಲ್‌ಗಳಲ್ಲಿದೆ. ಕೆಲವದರಲ್ಲಿ ಅದನ್ನು ಆ್ಯಪ್‌ನಲ್ಲಿ ನಾವೇ ಆನ್ ಮಾಡಬೇಕು.

ಆದರೆ ಹೊಸದರಲ್ಲಿ ಒಂದೂವರೆ ಗಂಟೆ ಓಡುತ್ತಿದ್ದದ್ದು ಈಗ ಇಪ್ಪತ್ತೇ ನಿಮಿಷಕ್ಕೆ ಸುಸ್ತಾದರೆ? ಬ್ಯಾಟರಿಯನ್ನು ಬೈಯುವ ಮುಂಚೆ ಎರಡು ಕೆಲಸ ಮಾಡಿ. ರೋಬೋ ಹೊಟ್ಟೆಯಲ್ಲೂ ಸ್ಟ್ಯಾಂಡಿನಲ್ಲೂ ಇರುವ ಲೋಹದ ಪುಟ್ಟ ಪಟ್ಟಿಗಳನ್ನು, ಪ್ಲಗ್ ತೆಗೆದ ಮೇಲೆ, ಒಣ ಬಟ್ಟೆಯಲ್ಲಿ ಒರೆಸಿ. ಅಲ್ಲಿ ಕೊಳೆ ಕೂತರೆ ರಾತ್ರಿಯಿಡೀ ನಿಂತಿದ್ದರೂ ಚಾರ್ಜ್ ಪೂರ್ತಿ ಆಗುವುದಿಲ್ಲ. ಎರಡನೆಯದು, ಹೆಚ್ಚು ಶಕ್ತಿಯಿಂದ ಎಳೆಯುವ ‘ಮ್ಯಾಕ್ಸ್’ನಲ್ಲಿ ಇಟ್ಟಿದ್ದೀರಾ ನೋಡಿ. ಟೈಲ್ಸ್, ಮಾರ್ಬಲ್ ನೆಲಕ್ಕೆ ಅಷ್ಟು ಬೇಕಾಗಿಲ್ಲ, ಸಾಧಾರಣ ವೇಗ ಸಾಕು.

ಇಷ್ಟಾದರೂ ಬದಲಾಗದಿದ್ದರೆ ಬ್ಯಾಟರಿಗೆ ವಯಸ್ಸಾಯಿತು. ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಮೊಬೈಲಿನಲ್ಲಿರುವಂಥ ಲಿಥಿಯಂ ಬ್ಯಾಟರಿ. ಕೆಲವು ನೂರು ಸಲ ಚಾರ್ಜ್ ಆಗುವಷ್ಟರಲ್ಲಿ ಅದರ ಕಸುವು ಇಳಿಯುತ್ತದೆ. ದಿನಾ ಬಳಸುವ ಮನೆಯಲ್ಲಿ ಎರಡು ಮೂರು ವರ್ಷಕ್ಕೆ ಬದಲಿಸಬೇಕಾಗಿ ಬರುವುದು ಸಹಜ. ಹೊಸದು ತರುವಾಗ ನಿಮ್ಮ ಮಾಡೆಲ್ ನಂಬರಿನದ್ದೇ, ಕಂಪನಿಯಿಂದಲೋ ಅದರ ಅಧಿಕೃತ ಅಂಗಡಿಯಿಂದಲೋ ತನ್ನಿ. ನಾನೂರು ರೂಪಾಯಿ ಉಳಿಯಿತು ಅಂತ ಹೆಸರಿಲ್ಲದ ಬ್ಯಾಟರಿ ಹಾಕಬೇಡಿ. ಹಳೆಯದು ಉಬ್ಬಿದ್ದರೆ, ವಿಪರೀತ ಬಿಸಿಯಾಗುತ್ತಿದ್ದರೆ ಆ ಕ್ಷಣವೇ ಬಳಸುವುದನ್ನೂ ಚಾರ್ಜ್ ಮಾಡುವುದನ್ನೂ ನಿಲ್ಲಿಸಿ. ಅದಕ್ಕೆ ಬೆಂಕಿ ಹತ್ತಿಕೊಳ್ಳಬಹುದು. ಮನೆಯ ಕಸದ ಜೊತೆ ಹಾಕಲೇಬೇಡಿ, ಕಸ ಆಯುವವರ ಕೈ ಸುಟ್ಟೀತು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೇ ಬ್ಯಾಟರಿಗಳ ವಿಲೇವಾರಿ ತಯಾರಕರ ಜವಾಬ್ದಾರಿ. ಸರ್ವಿಸ್ ಸೆಂಟರಿನಲ್ಲಿ ಕೇಳಿ, ಇಲ್ಲವೇ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಬ್ಯಾಟರಿ ಚೆನ್ನಾಗಿದ್ದು, ಯಂತ್ರ ಬಿಸಿಯಾಗಿ ಗೊರಗೊರ ಸದ್ದು ಮಾಡಿ ನಿಂತರೆ? ಉಸಿರುಕಟ್ಟಿದೆ ಅಂತ ಅರ್ಥ. ಕಸದ ಡಬ್ಬಿ ತುಂಬಿದ್ದರೆ, ಫಿಲ್ಟರ್ ಮುಚ್ಚಿಕೊಂಡಿದ್ದರೆ ಗಾಳಿ ಆಡುವುದಿಲ್ಲ, ಮೋಟಾರ್ ಬಿಸಿಯಾಗುತ್ತದೆ. ನಮ್ಮ ಮನೆಗಳಲ್ಲಿ ಫಿಲ್ಟರಿನ ಪರಮ ಶತ್ರುಗಳು ನಾಲ್ಕು: ಚೆಲ್ಲಿದ ಹಿಟ್ಟು, ರಂಗೋಲಿ ಪುಡಿ, ಊದುಬತ್ತಿ ಬೂದಿ, ಪಕ್ಕದ ಸೈಟಿನಲ್ಲಿ ಮನೆ ಕಟ್ಟುವ ಸಿಮೆಂಟು ಧೂಳು. ಇಂಥ ನುಣುಪು ಪುಡಿಗಳನ್ನು ಪೊರಕೆಯಲ್ಲೇ ತೆಗೆಯಿರಿ. ಡಬ್ಬಿಯನ್ನು ಪ್ರತಿ ಸಲವೂ ಖಾಲಿ ಮಾಡಿ. ಫಿಲ್ಟರನ್ನು ವಾರಕ್ಕೊಮ್ಮೆ ಕಸದ ಬುಟ್ಟಿಯ ಅಂಚಿಗೆ ಮೆಲ್ಲಗೆ ತಟ್ಟಿ, ಹಳೇ ಟೂತ್ ಬ್ರಶ್ಶಿನಲ್ಲಿ ಉಜ್ಜಿ.

ತೊಳೆಯಬಹುದೇ? ತೊಳೆಯಬಹುದು ಎಂದು ನಿಮ್ಮ ಪುಸ್ತಕದಲ್ಲಿ ಬರೆದಿದ್ದರೆ ಮಾತ್ರ. ತೊಳೆದ ಮೇಲೆ ನೆರಳಿನಲ್ಲಿ ಪೂರ್ತಿ ಒಂದು ದಿನ ಒಣಗಿಸಿ. ಮಳೆಗಾಲದಲ್ಲಿ ಎರಡು ದಿನವೇ ಆಗಲಿ. ಹಸಿ ಫಿಲ್ಟರ್ ಹಾಕಿದರೆ ವಾಸನೆ ಬರುವುದಷ್ಟೇ ಅಲ್ಲ, ಮೋಟಾರಿಗೂ ಕುತ್ತು. ಡಬ್ಬಿ ವಾಪಸ್ ಕೂರಿಸುವಾಗ ‘ಕಟ್’ ಅಂತ ಸದ್ದು ಬಂತೇ ಕೇಳಿಸಿಕೊಳ್ಳಿ. ಸರಿಯಾಗಿ ಕೂರದಿದ್ದರೂ ರೋಬೋ ಹೊರಡುವುದಿಲ್ಲ.

ಎಲ್ಲೆಂದರಲ್ಲಿ ನಿಲ್ಲುತ್ತದೆಯೇ?

ಇಲ್ಲಿಗೆ ನಮ್ಮ ಗೆಳತಿಯ ಕಥೆ ಬಂತು. ಅವರ ಕ್ಯಾಲೆಂಡರಿನಲ್ಲಿ ಒಂದು ದಿನ ಹಾಲ್, ಒಂದು ದಿನ ರೂಮು, ಐದು ನಿಮಿಷ, ನಲವತ್ತು ನಿಮಿಷ... ಒಂದಕ್ಕೊಂದು ತಾಳೆಯೇ ಇಲ್ಲ. ರೋಬೋ ಆಫ್ ಮಾಡಿ, ಹಳೇ ಬೆಡ್‌ಶೀಟ್ ಮೇಲೆ ಬೋರಲು ಹಾಕಿದೆವು. ಮುಂದಿನ ಪುಟ್ಟ ಚಕ್ರ ಬೆರಳಲ್ಲಿ ತಿರುಗಿಸಿದರೆ ತಿರುಗಲೇ ಇಲ್ಲ. ಗಟ್ಟಿಯಾಗಿ ಹಿಡಿದು ನೇರ ಎಳೆದಾಗ ಕಳಚಿ ಬಂತು. ಒಳಗಿನ ಕಡ್ಡಿಗೆ ಏನಿತ್ತು ಗೊತ್ತೇ? ಕೂದಲಿನ ಉಂಡೆ, ಅದರೊಳಗೆ ಮಲ್ಲಿಗೆ ಮಾಲೆಯ ದಾರ! ಬಿಡಿಸಲು ಬೇಕಾದದ್ದು ಒಂದು ಸೇಫ್ಟಿ ಪಿನ್ನು, ಹತ್ತು ನಿಮಿಷ. ಎಂಟು ಸಾವಿರ ಉಳಿಯಿತು. ‘ಬೋರ್ಡ್ ಹೋಗಿದ್ದ’ ರೋಬೋ ಈಗಲೂ ಓಡುತ್ತಿದೆ.

ನೀವೂ ಇದೇ ಕ್ರಮದಲ್ಲಿ ನೋಡಿ. ಮೊದಲ ಕೆಲಸ, ಸ್ವಿಚ್ ಆಫ್. ಮರೆಯಬೇಡಿ.

1. ದೊಡ್ಡ ಬ್ರಶ್: ಮುಚ್ಚಳದ ಲಾಕ್ ಒತ್ತಿ ಹೊರಗೆ ತೆಗೆಯಿರಿ. ಸುತ್ತಿಕೊಂಡ ಕೂದಲನ್ನು ಕತ್ತರಿಯಿಂದ ಉದ್ದುದ್ದ ಸೀಳಿ ಎಳೆಯಿರಿ. ಕಣ್ಣು ತಪ್ಪುವ ಜಾಗ ಎರಡು ತುದಿಗಳು. ತುದಿಯ ಮುಚ್ಚಳ ಬಿಚ್ಚುವಂತಿದ್ದರೆ ಬಿಚ್ಚಿ ನೋಡಿ, ಅಲ್ಲೇ ಹೆಚ್ಚು ಸಿಕ್ಕಿಕೊಂಡಿರುತ್ತದೆ.

2. ಪಕ್ಕದ ಬ್ರಶ್: ಮೀಸೆಯಂತೆ ತಿರುಗುವ ಇದು ಕೆಲವದರಲ್ಲಿ ಎಳೆದರೆ ಬರುತ್ತದೆ, ಕೆಲವದರಲ್ಲಿ ಒಂದು ಸ್ಕ್ರೂ ಇರುತ್ತದೆ. ಅದರ ಬುಡದಲ್ಲಿನ ಕೂದಲು ತೆಗೆಯಿರಿ.

3. ಮುಂದಿನ ಚಕ್ರ: ಚಕ್ರ, ಕಡ್ಡಿ ಎರಡನ್ನೂ ಸ್ವಚ್ಛ ಮಾಡಿ. ಬೆರಳಲ್ಲಿ ತಿರುಗಿಸಿದರೆ ಸರಾಗವಾಗಿ ತಿರುಗಬೇಕು.

4. ಎರಡು ದೊಡ್ಡ ಚಕ್ರ: ಒತ್ತಿ ಬಿಡಿ, ಸ್ಪ್ರಿಂಗಿನಂತೆ ಎರಡೂ ಒಂದೇ ರೀತಿ ಮೇಲೆ ಬರಬೇಕು. ಒಂದು ಸಿಕ್ಕಿಕೊಂಡರೆ ಸಂದಿಯಲ್ಲಿ ದಾರವೋ, ಮಕ್ಕಳ ಆಟದ ಸಾಮಾನೋ ಇದೆ.

5. ಮುಂದಿನ ಬಂಪರ್: ಎಡಕ್ಕೆ, ಬಲಕ್ಕೆ, ನಡುವೆ ಒತ್ತಿ ನೋಡಿ. ಎಲ್ಲ ಕಡೆಯೂ ಒಳಗೆ ಹೋಗಿ ತಕ್ಷಣ ಹೊರಗೆ ಬರಬೇಕು. ಸಂದಿಯಲ್ಲಿ ಒಂದು ಅಕ್ಕಿಕಾಳು ಸಿಕ್ಕಿಕೊಂಡರೂ ಸಾಕು, ‘ಎದುರಿಗೆ ಗೋಡೆ ಇದೆ’ ಎಂದೇ ರೋಬೋ ಭ್ರಮಿಸುತ್ತದೆ.

ತಿರುಗಲಿ ಅಂತ ಚಕ್ರಕ್ಕೆ ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ ಎಣ್ಣೆ ಹಾಕುವವರಿದ್ದಾರೆ. ಬೇಡ ಕಣ್ರೀ! ಎಣ್ಣೆಗೆ ಧೂಳು ಮೆತ್ತಿ ವಾರದಲ್ಲಿ ಗೋಂದಾಗುತ್ತದೆ. ಒರೆಸಲು ಒಣ ಬಟ್ಟೆ ಸಾಕು. ನೆಲ ಒರೆಸುವ ರೋಬೋ ಆದರೆ ನೀರಿನ ಟ್ಯಾಂಕಿಗೆ ಫಿನಾಯಿಲ್ ಸುರಿಯಬೇಡಿ, ಕಂಪನಿ ಹೇಳಿದ್ದನ್ನಷ್ಟೇ ಹಾಕಿ.

ಮಕ್ಕಳು, ಕರೆಂಟು, ಫೋನು

ಕೆಲವೊಮ್ಮೆ ಯಂತ್ರವೂ ಸರಿ, ಮನೆಯೂ ಸರಿ, ಆದರೂ ನಿಲ್ಲುತ್ತದೆ. ಮಗಳನ್ನು ಕೇಳಿ ನೋಡಿ, ನಡುವೆ ಎತ್ತಿ ಬೇರೆ ಕೋಣೆಗೆ ಬಿಟ್ಟಿದ್ದಳೇ? ನಕ್ಷೆ ಹಿಡಿದು ಓಡಾಡುವ ರೋಬೋಗಳಿಗೆ ಹೀಗೆ ಎತ್ತಿಟ್ಟರೆ ದಿಕ್ಕು ತಪ್ಪುತ್ತದೆ. ಫೋನಿನಲ್ಲಿ ಆಟವಾಡುತ್ತಾ ‘ಇಲ್ಲಿ ಹೋಗಬೇಡ’ ಎಂಬ ಗೆರೆಯನ್ನು ಹಾಲ್ ನಡುವೆಯೇ ಎಳೆದಿರಲೂಬಹುದು! ನೆಲದಿಂದ ಸೀಲಿಂಗಿನವರೆಗಿನ ಕನ್ನಡಿ, ಗಾಜಿನ ಬಾಗಿಲು, ಬಾಲ್ಕನಿಯಿಂದ ನೇರ ಬೀಳುವ ಬಿಸಿಲು ಕೂಡ ಅದರ ಕಣ್ಣು ಕೆಡಿಸುತ್ತವೆ. ಕರ್ಟನ್ ಎಳೆದು ಒಮ್ಮೆ ಬಿಟ್ಟು ನೋಡಿ.

ಕರೆಂಟ್ ಹೋದರೆ ಚಾರ್ಜಿಂಗ್ ಸ್ಟ್ಯಾಂಡ್ ಸಿಗ್ನಲ್ ಕೊಡುವುದಿಲ್ಲ. ರೋಬೋ ಅದನ್ನು ಹುಡುಕಿ ಹುಡುಕಿ ಎಲ್ಲೋ ನಡುವೆ ಚಾರ್ಜ್ ಮುಗಿದು ನಿಲ್ಲುತ್ತದೆ. ಸ್ಟ್ಯಾಂಡನ್ನು ಯುಪಿಎಸ್ ಇರುವ ಪ್ಲಗ್ಗಿಗೆ ಹಾಕಿ. ಅದರ ಎರಡೂ ಪಕ್ಕ ಅರ್ಧ ಮೀಟರ್, ಎದುರಿಗೆ ಒಂದೂವರೆ ಮೀಟರ್ ಜಾಗ ಖಾಲಿ ಬಿಟ್ಟರೆ ಅದಕ್ಕೆ ದಾರಿ ಸುಲಭ. ಚಪ್ಪಲಿ ಸ್ಟ್ಯಾಂಡಿನ ಮೂಲೆ ಅದಕ್ಕಲ್ಲ.

ಇನ್ನೊಂದು ಮುಖ್ಯ ಮಾತು. ವಯಸ್ಸಾದವರು ಇರುವ ಮನೆಯಲ್ಲಿ ಅರ್ಧಕ್ಕೇ ನಿಂತ ರೋಬೋ ಬರೀ ಕಿರಿಕಿರಿಯಲ್ಲ, ಅಪಾಯ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಕಪ್ಪಗೆ ಸದ್ದಿಲ್ಲದೆ ಕೂತಿರುವ ಅದನ್ನು ಮಬ್ಬು ಬೆಳಕಿನಲ್ಲಿ ಅತ್ತೆಯವರು ಎಡವಿದರೆ ಏನು ಗತಿ? ಎಂಬತ್ತರ ಸೊಂಟದ ಮೂಳೆ ಮುರಿದರೆ ಕೂಡುವುದು ಸುಲಭವಲ್ಲ. ಹಾಗಾಗಿ ಸಂಜೆ, ರಾತ್ರಿ ಟೈಮರ್ ಇಡಬೇಡಿ. ಹಗಲಲ್ಲಿ, ನೀವು ಮನೆಯಲ್ಲಿರುವಾಗ ಬಿಡಿ. ನಿಂತರೆ ಕೂಡಲೇ ಎತ್ತಿಡಿ.

ಸರ್ವಿಸ್‌ಗೆ ಫೋನ್ ಮಾಡುವ ಮುನ್ನ

ಇಷ್ಟೆಲ್ಲ ನೋಡಿದ ಮೇಲೂ ಸರಿಹೋಗಲಿಲ್ಲವೇ? ಒಮ್ಮೆ ಪೂರ್ತಿ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಆನ್ ಮಾಡಿ. ಆಗಲೂ ಆಗದಿದ್ದರೆ ಕಂಪನಿಗೆ ಫೋನ್ ಮಾಡಿ. ನಿಲ್ಲುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಬಂದವರಿಗೆ ಕ್ಯಾಲೆಂಡರ್ ತೋರಿಸಿ, ಏನೇನು ಸ್ವಚ್ಛ ಮಾಡಿದ್ದೀರಿ ಹೇಳಿ. ಇವರಿಗೆ ವಿಷಯ ಗೊತ್ತಿದೆ ಅಂದಮೇಲೆ ಮಾತಿನ ಧಾಟಿಯೇ ಬದಲಾಗುತ್ತದೆ.

ವಾರಂಟಿ ಇರುವಾಗ ಹೊಟ್ಟೆಯ ಸ್ಕ್ರೂಗಳನ್ನು ಬಿಚ್ಚಬೇಡಿ. ಕೈಯಲ್ಲಿ ಕಳಚಿ ಬರುವುದಷ್ಟೇ ನಮ್ಮ ಕೆಲಸ. ಬಿಲ್ ಜೋಪಾನವಾಗಿರಲಿ. ಯಾವುದೇ ಭಾಗ ಬದಲಿಸಬೇಕು ಎಂದರೆ ಖರ್ಚನ್ನು ಬರೆದುಕೊಡಲು ಹೇಳಿ, ತೆಗೆದ ಹಳೇ ಭಾಗ ತೋರಿಸಲು ಕೇಳಿ. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇರುವುದೇ ನಮ್ಮಂಥವರಿಗಾಗಿ.

ಹತ್ತು ನಿಮಿಷದ ನೇಮ

* ಪ್ರತಿ ಸಲ: ಡಬ್ಬಿ ಖಾಲಿ ಮಾಡಿ. ವೈರು, ಮ್ಯಾಟು, ಹೂವಿನ ದಾರ, ಹೇರ್‌ಪಿನ್ ಎತ್ತಿಟ್ಟು ರೋಬೋ ಬಿಡಿ. ನೆಲ ಹಸಿಯಿದ್ದರೆ ಬಿಡಬೇಡಿ.
* ವಾರಕ್ಕೊಮ್ಮೆ: ಫಿಲ್ಟರ್ ತಟ್ಟಿ. ಎರಡೂ ಬ್ರಶ್‌ಗಳ ಕೂದಲು ತೆಗೆಯಿರಿ.
* ಹದಿನೈದು ದಿನಕ್ಕೊಮ್ಮೆ: ಮುಂದಿನ ಚಕ್ರ ಕಳಚಿ ಸ್ವಚ್ಛ ಮಾಡಿ. ಹೊಟ್ಟೆಯ ಕಿಟಕಿಗಳು, ಚಾರ್ಜಿಂಗ್ ಪಟ್ಟಿಗಳನ್ನು ಒರೆಸಿ.
* ಊರಿಗೆ ಹೋಗುವಾಗ: ಚಾರ್ಜ್ ಮಾಡಿ, ಆಫ್ ಮಾಡಿಟ್ಟು ಹೋಗಿ.

ಗ್ರೈಂಡರ್ ತೊಳೆಯದೆ ಇಟ್ಟರೆ ಮರುದಿನ ಅದು ಮುನಿಸಿಕೊಳ್ಳುವುದಿಲ್ಲವೇ? ರೋಬೋ ಕೂಡ ಹಾಗೇ. ನಿಂತಿದೆ ಎಂದರೆ ಏನನ್ನೋ ಹೇಳುತ್ತಿದೆ, ಕೇಳಿಸಿಕೊಳ್ಳುವ ತಾಳ್ಮೆ ನಮಗಿದ್ದರಾಯಿತು. ಅಂದಹಾಗೆ, ‘ಯೂಸ್ ಮಾಡೋಕೆ ಬರಲ್ಲ’ ಎಂದಿದ್ದರಲ್ಲ ಯಜಮಾನರು, ಈ ಭಾನುವಾರ ಹಳೇ ಟೂತ್ ಬ್ರಶ್ಶು, ಸೇಫ್ಟಿ ಪಿನ್ನು ಎರಡನ್ನೂ ಅವರ ಕೈಗೇ ಕೊಡಿ. ಪಕ್ಕದಲ್ಲಿ ಕೂತು ಹೇಗೆ ಅಂತ ನೀವು ಹೇಳಿಕೊಡಿ. ಬಿಸಿ ಕಾಫಿ, ಪೇಪರ್ ನಿಮ್ಮ ಕೈಯಲ್ಲಿರಲಿ. ಏನಂತೀರಿ?